ಗೌರವಧನ ಅಂದರೆ ಸಂಬಳವಲ್ಲ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವುದಾದರೂ ಹಳ್ಳಿಗೆ ಹೋಗಿ, ಇಲ್ಲಿ ಸಮಾಜಸೇವೆ ಮಾಡೋರು ಯಾರು ಅಂತ ಕೇಳಿ ನೋಡಿ. ಯಾರೋ ಗೌಡರ, ಸಾಹುಕಾರರ ಹೆಸರು ಬರುತ್ತದೆ. ಅಂಗನವಾಡಿ ಅಕ್ಕೋರ ಹೆಸರು ಬರುವುದಿಲ್ಲ. ಅಫಜಲಪುರ ತಾಲೂಕಿನಲ್ಲಿ ನನ್ನ ಚಿಕ್ಕಮ್ಮನೇ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಊಟ, ಗರ್ಭಿಣಿಯರ ಲೆಕ್ಕ, ಪೋಲಿಯೊ ಹನಿ, ಸರ್ವೆ... ಎಲ್ಲ ಅವಳದೇ. ಆದರೂ ಅವಳಿಗೆ ಸಿಗುವುದು ಸಂಬಳವಲ್ಲ, "ಗೌರವಧನ"!

ಈ ಗೌರವ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಈ ಮೂರು ತಾಲೂಕುಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, 1953ರ ಆಗಸ್ಟಿನಲ್ಲಿ, ದೆಹಲಿಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಶುರುವಾಯಿತು. ಮೊದಲ ಅಧ್ಯಕ್ಷೆ ದುರ್ಗಾಬಾಯಿ ದೇಶಮುಖ್. ಬಾಲ್ಯವಿವಾಹವನ್ನು ಬಿಟ್ಟು ಹೊರಬಂದವರು, ಜೈಲು ಕಂಡವರು, ಸಂವಿಧಾನ ಸಭೆಯಲ್ಲಿ ಕೂತವರು. ಹಳ್ಳಿಗಳಲ್ಲಿ ಬಾಲವಾಡಿ, ಹೆರಿಗೆ ಆರೈಕೆ, ಹೆಂಗಸರಿಗೆ ಅಕ್ಷರ ಮತ್ತು ಕಸುಬು ಕಲಿಸುವ ಯೋಜನೆಗಳನ್ನು ಮಂಡಳಿ ನಡೆಸಿತು. ಸಂಬಳವಿಲ್ಲದ ಗೌರವ ಸೇವೆ ಆಗ ಎಷ್ಟೋ ಅನುಕೂಲಸ್ಥ ಹೆಂಗಸರಿಗೆ ಹೊಸ್ತಿಲು ದಾಟುವ ದಾರಿಯಾಗಿತ್ತು. ಅದನ್ನು ನಾನು ಹಗುರ ಮಾಡುವುದಿಲ್ಲ.

ಎಡವಟ್ಟಾದದ್ದು ಆಮೇಲೆ ಅಂತ ನನ್ನ ಅನಿಸಿಕೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾಯಿತು, ನಮ್ಮ ರಾಜ್ಯದಲ್ಲಿ ತಿ.ನರಸೀಪುರದಲ್ಲಿ. ಅದೇ "ಗೌರವ"ವನ್ನು ಹೊಟ್ಟೆಪಾಡಿಗೆ ದುಡಿಯುವ ಹಳ್ಳಿ ಹೆಂಗಸಿನ ತಲೆಗೆ ಕಟ್ಟಿದರು. 2005ರ ಆಶಾ ಕಾರ್ಯಕರ್ತೆಯರದ್ದೂ ಅದೇ ಕತೆ. ಅವರು "ಸ್ವಯಂಸೇವಕಿ"ಯರಂತೆ. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯೇನೋ ಸರಿ, ಪಗಾರ?

ಕಾಯಕ ಬೇರೆ, ದಾಸೋಹ ಬೇರೆ ಅಂದ ಶರಣರ ಸೀಮೆ ಇದು. ಹೆಂಗಸಿನ ಕಾಯಕವನ್ನು ಮಾತ್ರ ಸೀದಾ ದಾಸೋಹದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಕೋರ್ಟಿಗೂ ಹೋಗಿದ್ದರು, ನಮ್ಮ ಕರ್ನಾಟಕದವರೇ. ಅಮೀರ್‌ಬಿ ಪ್ರಕರಣದಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಅಂದಿತು. ಮುಂದೆ 2022ರ ಏಪ್ರಿಲ್ 25ರಂದು, ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ, ಇವರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಅಂತ ಅದೇ ಕೋರ್ಟ್ ಹೇಳಿತು. ಆ ವಾರ ಚಿಕ್ಕಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಊರಿಗ್ ಬರೂ ಮುಂದ ಅದರದೊಂದು ಝೆರಾಕ್ಸ್ ತಗೊಂಡ್ ಬಾ, ಮೀಟಿಂಗಿನ್ಯಾಗ ತೋರಸ್ತೀನಿ" ಅಂದಳು.