ಸೇಂಟ್ ಜಾನ್ ದ್ವೀಪ

ಸೇಂಟ್ ಜಾನ್ ಕೆರಿಬಿಯನ್ ಸಮುದ್ರದ ಈಶಾನ್ಯ ಅಂಚಿನಲ್ಲಿರುವ ಒಂದು ಸಣ್ಣ ದ್ವೀಪ. ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿದ ವರ್ಜಿನ್ ದ್ವೀಪಗಳಲ್ಲಿ ಸೇಂಟ್ ಕ್ರೊಯ್, ಸೇಂಟ್ ಥಾಮಸ್ ಮತ್ತು ಸೇಂಟ್ ಜಾನ್ ಮುಖ್ಯವಾದವು. ಇವುಗಳಲ್ಲಿ ಸೇಂಟ್ ಜಾನ್ ಅತ್ಯಂತ ಚಿಕ್ಕದು. ಇದರ ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 3,881. ದ್ವೀಪದ ಅರ್ಧಕ್ಕಿಂತಲೂ ಹೆಚ್ಚು ಭಾಗ ರಾಷ್ಟ್ರೀಯ ಉದ್ಯಾನವಾಗಿರುವುದರಿಂದ ಬಿಳಿ ಮರಳಿನ ಕಡಲತೀರಗಳಿಗೂ ಹಸಿರು ಬೆಟ್ಟಗಳಿಗೂ ಇದು ಪ್ರಸಿದ್ಧವಾಗಿದೆ.

ಭೌಗೋಳಿಕ ಲಕ್ಷಣಗಳು

ಜ್ವಾಲಾಮುಖಿ ಮೂಲದ ಈ ದ್ವೀಪವು ಕಡಿದಾದ ಬೆಟ್ಟಗಳಿಂದ ಕೂಡಿದೆ. ಅತ್ಯುನ್ನತ ಶಿಖರವಾದ ಬೋರ್ಡೊ ಬೆಟ್ಟದ ಎತ್ತರ ಸುಮಾರು 390 ಮೀಟರ್. ಉತ್ತರದ ಇಳಿಜಾರುಗಳಲ್ಲಿ ತೇವಾಂಶವಿರುವ ಕಾಡು ಬೆಳೆದಿದ್ದರೆ, ಒಣಹವೆಯ ಆಗ್ನೇಯ ಭಾಗದಲ್ಲಿ ಕಳ್ಳಿ ಮತ್ತು ಮುಳ್ಳುಪೊದೆಗಳು ಕಾಣುತ್ತವೆ. ಪಶ್ಚಿಮದ ಕ್ರೂಜ್ ಬೇ ಪ್ರಮುಖ ಪಟ್ಟಣ. ಪೂರ್ವದಲ್ಲಿ ಕೋರಲ್ ಬೇ ಎಂಬ ಚಿಕ್ಕ ವಸತಿಯಿದೆ.

ಇತಿಹಾಸ

ಯುರೋಪಿಯನ್ನರ ಆಗಮನಕ್ಕೆ ಮೊದಲು ಇಲ್ಲಿ ತೈನೊ ಜನರು ವಾಸಿಸುತ್ತಿದ್ದರು. ರೀಫ್ ಬೇ ಕಣಿವೆಯ ನೀರಿನ ಹೊಂಡದ ಬಂಡೆಗಳ ಮೇಲೆ ಅವರು ಕೊರೆದ ಚಿತ್ರಗಳು ಇಂದಿಗೂ ಉಳಿದಿವೆ. 1718ರಲ್ಲಿ ಡೆನ್ಮಾರ್ಕಿನವರು ಇಲ್ಲಿ ನೆಲೆಯೂರಿ ಕಬ್ಬು ಮತ್ತು ಹತ್ತಿಯ ತೋಟಗಳನ್ನು ಸ್ಥಾಪಿಸಿದರು. ಆಫ್ರಿಕಾದಿಂದ ತಂದ ಗುಲಾಮರ ದುಡಿಮೆಯಿಂದ ಬೆಟ್ಟಗಳ ಕಾಡು ಕಡಿದು ತೋಟಗಳಾಯಿತು.

1733ರ ನವೆಂಬರ್ 23ರಂದು ಗುಲಾಮರು ಸೌದೆಯ ಹೊರೆಗಳಲ್ಲಿ ಕತ್ತಿಗಳನ್ನು ಅಡಗಿಸಿಕೊಂಡು ಕೋರಲ್ ಬೇಯ ಕೋಟೆಯನ್ನು ಪ್ರವೇಶಿಸಿ ವಶಪಡಿಸಿಕೊಂಡರು. ಇವರಲ್ಲಿ ಇಂದಿನ ಘಾನಾ ಪ್ರದೇಶದ ಅಕ್ವಾಮು ಜನರು ಮುಂಚೂಣಿಯಲ್ಲಿದ್ದರು. ದ್ವೀಪದ ಬಹುಭಾಗ ತಿಂಗಳುಗಟ್ಟಲೆ ಅವರ ಹಿಡಿತದಲ್ಲಿತ್ತು. ಮಾರ್ಟಿನಿಕ್‌ನಿಂದ ಬಂದ ಫ್ರೆಂಚ್ ಸೈನಿಕರ ನೆರವಿನಿಂದ 1734ರಲ್ಲಿ ದಂಗೆಯನ್ನು ಅಡಗಿಸಲಾಯಿತು. ಗುಲಾಮಗಿರಿ ಕೊನೆಗೊಂಡದ್ದು 1848ರ ಜುಲೈ 3ರಂದು. ಅನಂತರ ತೋಟಗಳು ಪಾಳುಬಿದ್ದು ಕಾಡು ಮತ್ತೆ ಬೆಳೆಯಿತು. ಹೀಗಾಗಿ ಪ್ರವಾಸಿಗರು ಮಾನವ ಸ್ಪರ್ಶವಿಲ್ಲದ್ದೆಂದು ಭಾವಿಸುವ ಇಂದಿನ ಕಾಡಿನ ಬಹುಪಾಲು ಮರುಹುಟ್ಟು ಪಡೆದದ್ದೇ ಆಗಿದೆ. ಆ್ಯನಬರ್ಗ್‌ನಲ್ಲಿರುವ ಗಾಳಿಯಂತ್ರದ ಗೋಪುರ ಮತ್ತು ಸಕ್ಕರೆ ಕಾರ್ಖಾನೆಯ ಅವಶೇಷಗಳು ಆ ಕಾಲಕ್ಕೆ ಸಾಕ್ಷಿಯಾಗಿವೆ. 1917ರಲ್ಲಿ ಅಮೆರಿಕವು 2.5 ಕೋಟಿ ಡಾಲರ್ ಕೊಟ್ಟು ಈ ದ್ವೀಪಗಳನ್ನು ಡೆನ್ಮಾರ್ಕಿನಿಂದ ಖರೀದಿಸಿತು.

ರಾಷ್ಟ್ರೀಯ ಉದ್ಯಾನ

ಲಾರೆನ್ಸ್ ರಾಕ್‌ಫೆಲ್ಲರ್ ಅವರು ಇಲ್ಲಿ ಖರೀದಿಸಿದ ಸುಮಾರು 5,000 ಎಕರೆ ಭೂಮಿಯನ್ನು ದಾನವಾಗಿ ನೀಡಿದ ಫಲವಾಗಿ 1956ರಲ್ಲಿ ವರ್ಜಿನ್ ದ್ವೀಪಗಳ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. 1962ರಲ್ಲಿ ಸುತ್ತಲಿನ ಸಮುದ್ರದ ಭಾಗಗಳನ್ನೂ ಇದಕ್ಕೆ ಸೇರಿಸಲಾಯಿತು. ಅದೇ ಸಂದರ್ಭದಲ್ಲಿ ಖಾಸಗಿ ಜಮೀನನ್ನು ಬಲವಂತವಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾಪವೂ ಬಂದಿತ್ತು. ದ್ವೀಪವಾಸಿಗಳ ತೀವ್ರ ವಿರೋಧದಿಂದ ಅದನ್ನು ಕೈಬಿಡಲಾಯಿತು.

ಉದ್ಯಾನವು ತೀರಗಳನ್ನು ಕಟ್ಟಡಗಳಿಂದ ಕಾಪಾಡಿದೆ. ಆದರೆ ಉಳಿದಿರುವ ಅಲ್ಪ ಜಮೀನಿನ ಬೆಲೆ ಏರಿ, ತಲೆಮಾರುಗಳಿಂದ ನೆಲೆಸಿರುವ ಕುಟುಂಬಗಳಿಗೆ ಮನೆ ಕಟ್ಟುವುದು ಕಷ್ಟವಾಗಿದೆ. ದ್ವೀಪದಲ್ಲಿ ಸರ್ಕಾರಿ ಪ್ರೌಢಶಾಲೆಯಿಲ್ಲದ ಕಾರಣ ವಿದ್ಯಾರ್ಥಿಗಳು ದೋಣಿಯಲ್ಲಿ ಸೇಂಟ್ ಥಾಮಸ್‌ಗೆ ಹೋಗಿಬರುತ್ತಾರೆ.

ಜೀವಸಂಪತ್ತು

ಇಲ್ಲಿನ ಸ್ಥಳೀಯ ನೆಲಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಕಬ್ಬಿನ ತೋಟಗಳ ಇಲಿಗಳನ್ನು ನಿಯಂತ್ರಿಸಲು 19ನೆಯ ಶತಮಾನದಲ್ಲಿ ಭಾರತ ಮೂಲದ ಮುಂಗುಸಿಯನ್ನು ಕೆರಿಬಿಯನ್ ದ್ವೀಪಗಳಿಗೆ ತರಲಾಯಿತು. ಅದು ಆಮೆಗಳ ಮತ್ತು ನೆಲದಲ್ಲಿ ಗೂಡುಕಟ್ಟುವ ಪಕ್ಷಿಗಳ ಮೊಟ್ಟೆಗಳಿಗೆ ಕಂಟಕವಾಗಿ ಪರಿಣಮಿಸಿತು. ಕಡಲಿನಲ್ಲಿ ಹಸಿರು ಆಮೆ, ಗಿಡುಗಕೊಕ್ಕಿನ ಆಮೆ ಹಾಗೂ ಹವಳದ ದಿಬ್ಬಗಳಿವೆ. ಸಮುದ್ರದ ಉಷ್ಣತೆ ಏರಿದಾಗ ಹವಳಗಳು ಬಿಳಿಚಿಕೊಳ್ಳುತ್ತವೆ. 2005ರಲ್ಲಿ ಹೀಗಾಗಿ, ಬಳಿಕ ಹರಡಿದ ರೋಗದಿಂದ ಅಪಾರ ಹವಳ ನಾಶವಾಯಿತು.

ಪ್ರಮುಖ ಕಡಲತೀರಗಳು

* ಟ್ರಂಕ್ ಬೇ: ನೀರಿನಡಿಯ ಫಲಕಗಳನ್ನು ಓದುತ್ತ ಈಜುವ ಮಾರ್ಗಕ್ಕೆ ಹೆಸರಾದುದು. ಇಲ್ಲಿ ಪ್ರವೇಶಶುಲ್ಕವಿದೆ.
* ಸಿನಮನ್ ಬೇ: ಉದ್ದವಾದ ಮರಳತೀರ, ಶಿಬಿರ ತಾಣವಿದೆ.
* ಮಾಹೊ ಬೇ: ಆಳವಿಲ್ಲದ ಶಾಂತ ನೀರು, ಕಡಲಹುಲ್ಲು ಮೇಯುವ ಆಮೆಗಳನ್ನು ಕಾಣಬಹುದು.
* ಸಾಲ್ಟ್ ಪಾಂಡ್ ಬೇ: ಇಲ್ಲಿಂದ ರಾಮ್ ಹೆಡ್ ಎಂಬ ಭೂಶಿರಕ್ಕೆ ಕಾಲುದಾರಿಯಿದೆ.

ಪ್ರವಾಸ

ದ್ವೀಪದಲ್ಲಿ ವಿಮಾನ ನಿಲ್ದಾಣವಿಲ್ಲ. ಸೇಂಟ್ ಥಾಮಸ್‌ವರೆಗೆ ವಿಮಾನದಲ್ಲಿ ಬಂದು, ರೆಡ್ ಹುಕ್‌ನಿಂದ ಸುಮಾರು 20 ನಿಮಿಷ ದೋಣಿಯಲ್ಲಿ ಪ್ರಯಾಣಿಸಿ ಕ್ರೂಜ್ ಬೇ ತಲುಪಬೇಕು. ಭಾರತೀಯ ಪ್ರಜೆಗಳಿಗೆ ಅಮೆರಿಕದ ವೀಸಾ ಅಗತ್ಯ. ಅಮೆರಿಕದ ಆಡಳಿತವಿದ್ದರೂ ಇಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಪ್ರವಾಸಿಗರು ಹೆಚ್ಚು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತವು ಇಲ್ಲಿ ಭಾರಿ ಹಾನಿ ಉಂಟುಮಾಡಿತು.

ಹವಳಕ್ಕೆ ಹಾನಿಕರವಾದ ಆಕ್ಸಿಬೆನ್ಜೋನ್ ಮುಂತಾದ ರಾಸಾಯನಿಕಗಳುಳ್ಳ ಬಿಸಿಲುನಿರೋಧಕ ಲೇಪನಗಳನ್ನು ಇಲ್ಲಿ 2020ರಿಂದ ನಿಷೇಧಿಸಲಾಗಿದೆ. ಕಡಲಂಚಿನಲ್ಲಿ ಬೆಳೆಯುವ ಮ್ಯಾಂಚಿನೀಲ್ ಮರದ ಹಣ್ಣು ಸಣ್ಣ ಸೇಬನ್ನು ಹೋಲುತ್ತದೆಯಾದರೂ ತೀವ್ರ ವಿಷಕಾರಿ. ಮಳೆಯಲ್ಲಿ ಆ ಮರದ ಕೆಳಗೆ ನಿಂತರೂ ಎಲೆಗಳಿಂದ ತೊಟ್ಟಿಕ್ಕುವ ನೀರು ಚರ್ಮವನ್ನು ಸುಡುತ್ತದೆ.