ಬಾನುಲಿ ಮನೆಯೊಳಕ್ಕೆ ಬಂದ ಬಗೆ

ವಾಚಕರೆ, ನಿಮ್ಮ ಮನೆಯ ರೇಡಿಯೋವನ್ನು ಒಮ್ಮೆ ನೋಡಿ. ದನಿಯನ್ನು ಏರಿಸಿ ಇಳಿಸಲು ಒಂದು ಗುಬುಟು, ನಿಲಯವನ್ನು ಹಿಡಿಯಲು ಇನ್ನೊಂದು; ಇಷ್ಟನ್ನು ಬಲ್ಲವರಿಗೆ ಬಾನುಲಿ ವಶವಾದಂತೆಯೇ. ಇದು ಹುಟ್ಟಿದಂದಿನಿಂದಲೂ ಹೀಗೆಯೇ ಇತ್ತೆಂದು ನಾವು ಭಾವಿಸುವುದು ಸಹಜ. ಆದರೆ ಹಾಗಿರಲಿಲ್ಲ. ಮಾತನ್ನೂ ಗಾನವನ್ನೂ ಆಕಾಶಕ್ಕೆ ಹಾರಿಸುವ ವಿದ್ಯೆ ಕೈಗೂಡಿದ ಮೇಲೂ, ಅದನ್ನು ಕೇಳಿಸುವ ಯಂತ್ರವು ಗೃಹಸ್ಥರ ಕೈಗೆ ಒಗ್ಗುವುದಕ್ಕೆ ವರ್ಷಗಳೇ ಹಿಡಿದುವು. ಯಂತ್ರದ ಒಳಗೆ ಎಷ್ಟು ಶಕ್ತಿಯಿದ್ದರೇನು? ಬಳಸುವವನ ಕೈಗೂ ಕಣ್ಣಿಗೂ ಅದು ಹೊಂದಬೇಕು; ಹೊಂದದಿದ್ದರೆ ಅದು ಜನರಲ್ಲಿ ಹಬ್ಬಲಾರದು. ಈ ಮಾತಿಗೆ ರೇಡಿಯೋ ಪೆಟ್ಟಿಗೆಯ ಚರಿತ್ರೆಯೇ ಸಾಕ್ಷಿ.

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆ.ಡಿ.ಕೆ.ಎ. ನಿಲಯವು 1920ರ ನವೆಂಬರ್ 2ರಂದು ಚುನಾವಣೆಯ ಫಲಿತಾಂಶವನ್ನು ಪ್ರಸಾರಮಾಡಿತು. ಲಂಡನ್ನಿನಲ್ಲಿ ಬಿ.ಬಿ.ಸಿ.ಯ ಪ್ರಸಾರ ಮೊದಲಾದದ್ದು 1922ರ ನವೆಂಬರ್ 14ರಂದು. ಆಗ ಬಹುಮಂದಿಯ ಬಳಿ ಇದ್ದುದು ಹರಳು ರೇಡಿಯೋ. ಗೆಲೀನಾ ಎಂಬ ಸೀಸದ ಅದಿರಿನ ಹರಳು. ಅದರ ಮೇಲೆ ಊರಲು ಒಂದು ಸಣ್ಣ ತಂತಿ. ಇದಕ್ಕೆ ‘ಬೆಕ್ಕಿನ ಮೀಸೆ’ ಎಂದೇ ಹೆಸರು. ಆ ಮೀಸೆಯನ್ನು ಹರಳಿನ ಮೈಮೇಲೆ ಅಲ್ಲಲ್ಲಿ ಚುಚ್ಚಿ ನೋಡುತ್ತ, ಶಬ್ದ ಹುಟ್ಟುವ ಬಿಂದುವನ್ನು ಹುಡುಕಬೇಕು. ಮೇಜು ಅಲುಗಿದರೆ ಬಿಂದು ತಪ್ಪಿತು, ಹಾಡು ಹೋಯಿತು! ಬ್ಯಾಟರಿ ಬೇಡ, ಬೆಲೆಯೂ ಕಡಮೆ. ಆದರೆ ಕೇಳುವುದಕ್ಕೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕುಳಿತುಕೊಳ್ಳಬೇಕು. ಒಬ್ಬನು ಕೇಳಿ ನಕ್ಕರೆ ಮಿಕ್ಕವರು ಅವನ ಮುಖವನ್ನು ನೋಡಬೇಕು, ಅಷ್ಟೆ.

ವಾಲ್ವಿನ ಯಂತ್ರಗಳು ಬಂದುವು. ದೂರದ ನಿಲಯಗಳು ಸಿಕ್ಕುವು, ಆದರೆ ತೊಡಕು ಹೆಚ್ಚಿತು. ಆ ಕಾಲದ ಎಷ್ಟೋ ಪೆಟ್ಟಿಗೆಗಳ ಮುಖದ ಮೇಲೆ ಮೂರು ದೊಡ್ಡ ಚಕ್ರಗಳಿದ್ದುವು. ಮೂರನ್ನೂ ಹೊಂದಿಸಿದರೆ ಮಾತ್ರ ನಿಲಯ ಸಿಕ್ಕೀತು. ಯಾವ ನಿಲಯಕ್ಕೆ ಯಾವ ಅಂಕೆಗಳು ಎಂಬುದನ್ನು ಯಜಮಾನನು ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದನು. ಇದರ ಮೇಲೆ ಬ್ಯಾಟರಿಗಳ ಕಾಟ. ಆಮ್ಲ ತುಂಬಿದ ಭಾರವಾದ ಬ್ಯಾಟರಿಯನ್ನು ಮತ್ತೆ ಮತ್ತೆ ಅಂಗಡಿಗೆ ಹೊತ್ತು ವಿದ್ಯುತ್ತನ್ನು ತುಂಬಿಸಿಕೊಂಡು ಬರಬೇಕು. ಆಮ್ಲ ತುಳುಕಿದರೆ ನೆಲಹಾಸಿಗೆ ತೂತು. ಆ ಪೆಟ್ಟಿಗೆ ಹವ್ಯಾಸಿಯ ಪ್ರಯೋಗಶಾಲೆಯಾಗಿತ್ತೇ ಹೊರತು ಮನೆಯ ಸಾಮಾನಾಗಿರಲಿಲ್ಲ. ಮನೆಯೊಡತಿಯೂ ಮಕ್ಕಳೂ ಮುದುಕರೂ ಅದರಿಂದ ದೂರವೇ ಉಳಿದರು.

1920ರ ದಶಕದ ಉತ್ತರಾರ್ಧದಲ್ಲಿ ಮೂರು ಮಾರ್ಪಾಡುಗಳಾದುವು. ಮೊದಲನೆಯದು ಧ್ವನಿವರ್ಧಕ. ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ತಜ್ಞರು 1925ರಲ್ಲಿ ಪ್ರಕಟಿಸಿದ ಮಾದರಿಯಿಂದ ಇಡೀ ಕೋಣೆಗೆ ಇಂಪಾದ ಧ್ವನಿ ದೊರೆಯಿತು. ಎರಡನೆಯದಾಗಿ, ಮೂರು ಚಕ್ರಗಳ ಕೆಲಸವನ್ನು ಒಂದೇ ಅಚ್ಚಿಗೆ ಜೋಡಿಸಿದರು. ಒಂದು ಗುಬುಟನ್ನು ತಿರುಗಿಸಿದರೆ ಒಳಗೆ ಮೂರೂ ಕೂಡಿಯೇ ತಿರುಗಿದುವು. ಮೂರನೆಯದಾಗಿ, ಬ್ಯಾಟರಿ ಹೋಗಿ ಗೋಡೆಯ ವಿದ್ಯುತ್ತೇ ಸಾಕಾಯಿತು. ತೊಡಕು ಮಾಯವಾಗಲಿಲ್ಲ, ಬಳಸುವವನ ತಲೆಯ ಮೇಲಿದ್ದ ಹೊರೆ ಪೆಟ್ಟಿಗೆಯ ಹೊಟ್ಟೆಯೊಳಕ್ಕೆ ಸೇರಿತು. 1930ರ ಜನಗಣತಿಯಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಸುಮಾರು 40ರಲ್ಲಿ ರೇಡಿಯೋ ಇದ್ದಿತು. 1940ರಲ್ಲಿ 80ಕ್ಕೂ ಹೆಚ್ಚು ಮನೆಗಳಲ್ಲಿ. ನಡುವೆ ಇದ್ದುದು ಘೋರವಾದ ಆರ್ಥಿಕ ಮುಗ್ಗಟ್ಟಿನ ಕಾಲ ಎಂಬುದನ್ನು ನೆನೆಯಿರಿ. ಬೆಲೆ ಇಳಿದುದೂ ಕಾರ್ಯಕ್ರಮಗಳು ರುಚಿಸಿದುದೂ ಇದಕ್ಕೆ ಕಾರಣವೇ. ಆದರೆ ತಿರುಗಿಸಲು ಬಾರದ ಯಂತ್ರವನ್ನು ಅಗ್ಗವೆಂದು ಯಾರು ತಾನೆ ಮನೆಗೆ ತಂದಾರು?

ಅಂಕೆಗಳಿದ್ದ ಫಲಕದ ಮೇಲೆ ಊರುಗಳ ಹೆಸರು ಬಂದುದು ಇನ್ನೊಂದು ಉಪಕಾರ. 1930ರ ದಶಕದ ಮೊದಲಲ್ಲೇ ಇಂಗ್ಲೆಂಡಿನ ಎಕ್ಕೋ ಕಂಪನಿಯ ಪೆಟ್ಟಿಗೆಗಳ ಮೇಲೆ ನಿಲಯಗಳ ಹೆಸರು ಅಚ್ಚಾದುವು. ಅದೇ ಕಂಪನಿಗಾಗಿ ವೆಲ್ಸ್ ಕೋಟ್ಸ್ ಎಂಬ ವಾಸ್ತುಶಿಲ್ಪಿ ರೂಪಿಸಿದ ದುಂಡನೆಯ ಬೇಕಲೈಟ್ ರೇಡಿಯೋ 1934ರಲ್ಲಿ ಬಂದಿತು. ಮರದ ಕಪಾಟಿನ ವೇಷವನ್ನು ಕಳಚಿ, ರೇಡಿಯೋ ತನ್ನದೇ ಆದ ರೂಪವನ್ನು ತಳೆಯಿತು. 1935ರಲ್ಲಿ ‘ಮಾಂತ್ರಿಕ ಕಣ್ಣು’ ಬಂದಿತು. ನಿಲಯ ಸರಿಯಾಗಿ ಸಿಕ್ಕಿತೆ ಇಲ್ಲವೆ ಎಂಬುದನ್ನು ಆ ಹಸುರು ಬೆಳಕೇ ಹೇಳುತ್ತಿತ್ತು.

ಅದೇ 1935ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಅವರು ಮನಶ್ಶಾಸ್ತ್ರದ ಅಧ್ಯಾಪಕರೆಂಬುದು ಗಮನಾರ್ಹ. ಆ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿ. ದೇವಕಿಯ ರಥವನ್ನು ನಡೆಸುತ್ತಿದ್ದ ಕಂಸನಿಗೆ ಕೇಳಿಬಂದ ಅಶರೀರವಾಣಿಯನ್ನು ಹರಿಕಥೆಯಲ್ಲಿ ಕೇಳದವರಾರು? ಪರದೇಶದ ಯಂತ್ರಕ್ಕೆ ನಮ್ಮವರಿಗೆ ಮೊದಲೇ ಪರಿಚಿತವಾದ ಹೆಸರು ದೊರೆತುದೂ ಒಂದು ಬಗೆಯ ವಿನ್ಯಾಸವೇ. ಮುಂದೆ ದೇಶವೇ ಆ ಹೆಸರನ್ನು ತನ್ನದಾಗಿಸಿಕೊಂಡಿತು.

ಆದರೆ ಫಲಕದ ಮೇಲಿನ ಹೆಸರುಗಳು ಮಾತ್ರ ಇಂಗ್ಲಿಷಿನಲ್ಲಿಯೇ ಉಳಿದುವು. ನಮ್ಮ ಅಜ್ಜಿಗೆ ಆ ಲಿಪಿ ಬಾರದು. ಬೆಂಗಳೂರು ನಿಲಯ ಬರುವ ಜಾಗದಲ್ಲಿ ಗಾಜಿನ ಮೇಲೆ ಕುಂಕುಮದ ಬೊಟ್ಟಿಟ್ಟಿದ್ದರು. ಮುಳ್ಳು ಬೊಟ್ಟಿಗೆ ಬಂದರೆ ಕನ್ನಡ! ಯಂತ್ರವನ್ನು ಮಾಡಿದವರು ಮರೆತುದನ್ನು ಅಜ್ಜಿ ತುಂಬಿಕೊಂಡರು. ಆದರೆ ಎಲ್ಲ ಅಜ್ಜಿಯರಿಗೂ ಅಷ್ಟು ಧೈರ್ಯವೆಲ್ಲಿ?

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಸುಲಭವಾದುದೆಲ್ಲ ಹಿತವಲ್ಲ. ಜರ್ಮನಿಯಲ್ಲಿ 1933ರಲ್ಲಿ 76 ಮಾರ್ಕ್ ಬೆಲೆಯ ಸರಳವಾದ ‘ಜನತಾ ರೇಡಿಯೋ’ ಹೊರಬಂದಿತು. ಹಿಟ್ಲರನ ಮಾತು ಮನೆಮನೆಗೂ ಮುಟ್ಟಬೇಕೆಂಬುದೇ ಅದರ ಉದ್ದೇಶ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಮೊದಲಾದಾಗ ಪರದೇಶದ ನಿಲಯಗಳನ್ನು ಕೇಳುವುದೇ ಅಪರಾಧವಾಯಿತು. ಗುಬುಟು ಹಗುರವಾಗಿದ್ದರೆ ಸಾಲದು, ಅದನ್ನು ಬೇಕಾದ ಕಡೆಗೆ ತಿರುಗಿಸುವ ಸ್ವಾತಂತ್ರ್ಯವೂ ಬೇಕು.

1954ರಲ್ಲಿ ಅಮೆರಿಕದಲ್ಲಿ ರೀಜೆನ್ಸಿ ಟ್ರಾನ್ಸಿಸ್ಟರು ಮಾರಾಟಕ್ಕೆ ಬಂದಿತು. 1957ರಲ್ಲಿ ಜಪಾನಿನ ಸೋನಿ ಕಂಪನಿ ಜೇಬಿನ ರೇಡಿಯೋವನ್ನು ತಂದಾಗ, ಅದು ಅಂಗಿಯ ಜೇಬಿಗಿಂತ ತುಸು ದೊಡ್ಡದಾಯಿತಂತೆ. ಮಾರುವವರಿಗೆ ದೊಡ್ಡ ಜೇಬಿನ ಅಂಗಿಗಳನ್ನೇ ಹೊಲಿಸಿದರೆಂದು ಆ ಸಂಸ್ಥೆಯವರೇ ಹೇಳಿಕೊಂಡಿದ್ದಾರೆ. ಮುಂದೆ ಟ್ರಾನ್ಸಿಸ್ಟರು ನಮ್ಮ ಹೊಲಗದ್ದೆಗಳಿಗೂ ಬಂದಿತು. ವಿದ್ಯುತ್ತಿಲ್ಲದ ಊರಿನ ರೈತನೂ ಶ್ರೋತೃವಾದನು.

ಇಂದು ಬಾನುಲಿ ಮೊಬೈಲ್ ಫೋನಿನೊಳಗೂ ಕೇಳಿಬರುತ್ತಿದೆ. ಅದೇ ಫೋನಿನಲ್ಲಿ ಬ್ಯಾಂಕೂ ಉಂಟು, ರೈಲಿನ ಟಿಕೇಟೂ ಉಂಟು. ಮನೆಯ ಹಿರಿಯರು ಅದನ್ನು ಕೈಗೆತ್ತಿಕೊಂಡು, “ಇದು ನನಗೆ ತಿಳಿಯುವುದಿಲ್ಲಪ್ಪ” ಎಂದು ಮರಳಿ ಕೆಳಗಿಡುವುದನ್ನು ನೀವೂ ಕಂಡಿರಬಹುದು. ಆಗ ಅವರ ವಯಸ್ಸನ್ನು ದೂರುವ ಮೊದಲು ಆ ಮೂರು ಚಕ್ರಗಳ ಪೆಟ್ಟಿಗೆಯನ್ನು ನೆನೆಯಿರಿ. ಅಂದು ಕೇಳುಗರು ಬದಲಾಗಲಿಲ್ಲ, ಪೆಟ್ಟಿಗೆ ಬದಲಾಯಿತು. ಇಂದಿನ ಯಂತ್ರಗಳನ್ನು ಮಾಡುವವರಿಂದಲೂ ನಾವು ಅಷ್ಟನ್ನು ಕೇಳುವುದು ನ್ಯಾಯವೇ ಆಗಿದೆ.