ಹಳೆಯದೆಲ್ಲ ಐತಿಹಾಸಿಕವೇ?

ಇಂಗ್ಲಿಷಿನ ‘ಹಿಸ್ಟಾರಿಕಲ್’ ಗತಕಾಲಕ್ಕೆ ಸೇರಿದ್ದನ್ನೆಲ್ಲ ಹೇಳುತ್ತದೆ. ‘ಹಿಸ್ಟಾರಿಕ್’ ಕಾಲದ ದಿಕ್ಕನ್ನು ಬದಲಿಸಿದ್ದನ್ನು ಮಾತ್ರ. ನಮ್ಮ ‘ಐತಿಹಾಸಿಕ’ ಎರಡನ್ನೂ ಹೊರುತ್ತದೆ. ಈ ಭೇದ ಮರೆತರೆ ವಯಸ್ಸೇ ಮಹತ್ವವೆಂಬ ಭ್ರಮೆ ಹುಟ್ಟುತ್ತದೆ. ತಿ. ನರಸೀಪುರ ತಾಲ್ಲೂಕಿನ ತಲಕಾಡನ್ನೇ ನೋಡಿ. ಗಂಗರ ಈ ರಾಜಧಾನಿ 11ನೇ ಶತಮಾನದ ಆರಂಭದಲ್ಲಿ ಚೋಳರ ಪಾಲಾಯಿತು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡ. ಗಂಗವಾಡಿಯಲ್ಲಿ ಚೋಳರ ಹಿಡಿತ ಮುರಿಯಿತು. ಆ ಗೆಲುವು ಎರಡನೆಯ ಅರ್ಥದಲ್ಲಿ ಐತಿಹಾಸಿಕ. ಅಲ್ಲಿನ ದಾನಶಾಸನಗಳು ಮೊದಲ ಅರ್ಥದವು.

ನಂಜನಗೂಡಿನಲ್ಲಿ 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಕಪಿಲಾ ಸೇತುವೆಯ ಹಿರಿಮೆಯೂ ಬರೀ ಪ್ರಾಯದಿಂದ ಬಂದುದಲ್ಲ. ಎತ್ತಿನ ಗಾಡಿಗಳ ಕಾಲದ ಕಲ್ಲಿನ ಕಮಾನುಗಳು 19ನೇ ಶತಮಾನದ ಕೊನೆಗೆ ರೈಲನ್ನೂ ಹೊತ್ತವು. ಇತ್ತ ತಿರುಮಕೂಡಲಿನ ಸಂಗಮಸ್ನಾನದ ನಂಬಿಕೆ ಹಳೆಯದು, ಕುಂಭಮೇಳ ಶುರುವಾದದ್ದು 1989ರಲ್ಲಿ. ಸ್ಥಳೀಯ ಆಚರಣೆಯೊಂದನ್ನು ನಾಡಿನ ಜಾತ್ರೆಯಾಗಿಸಿದ ತಿರುವು ಈ ಎಳೆಯ ವರ್ಷದ್ದೇ.

ಹಾಗಾದರೆ ಮಹತ್ವವನ್ನು ನಿರ್ಧರಿಸುವವರು ಯಾರು, ಅದು ಗೆದ್ದವರ ಅಳತೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಉತ್ತರವೂ ಇದೆ: ತಿರುವುಗಳನ್ನು ಪರೀಕ್ಷಿಸಲು ಸಾಕ್ಷಿ ಸಿಗುವುದು ಸಾಮಾನ್ಯ ಶಾಸನಗಳಲ್ಲೇ. ಯಾವ ಕೆರೆಗೆ ಯಾರ ದತ್ತಿ, ಯಾವ ಊರಿಗೆ ಯಾವ ತೆರಿಗೆ ಎಂಬ ವಿವರಗಳಿಲ್ಲದೆ ವಿಜಯದ ಬಿರುದು ಹೊಗಳಿಕೆಯಷ್ಟೇ. ಆದ್ದರಿಂದ ಈ ಭೇದ ಮೇಲುಕೀಳಿನ ಪಟ್ಟಿಯಲ್ಲ. ಒಂದು ಸಾಕ್ಷಿ, ಇನ್ನೊಂದು ತೀರ್ಪು. ಸಾಕ್ಷಿಯನ್ನು ಉಳಿಸಿಕೊಂಡ ಊರಿಗೆ ಮಾತ್ರ ತೀರ್ಪನ್ನು ಪ್ರಶ್ನಿಸುವ ಅಧಿಕಾರವಿರುತ್ತದೆ.